ವಾಟು ಹೆಚ್ಚೋ, ಹೊಂದಿಕೆ ಹೆಚ್ಚೋ?

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯ ಸುತ್ತ ತೆಂಗಿನ ತೋಟಗಳ ನಡುವೆ ಹಾದುಹೋಗುವ ದಾರಿಗಳಲ್ಲಿ ಸಂಜೆಯ ವೇಳೆ ನಡೆದವರಿಗೆ ಈ ಅನುಭವ ಹೊಸದಲ್ಲ. ಕಾರು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದರ ಬರವು ಎದೆಗೂಡಿಗೆ ತಿಳಿದುಬಿಡುತ್ತದೆ. ಹಾಡಿನ ಮಾತು ಕೇಳಿಸದು, ರಾಗವೂ ತಿಳಿಯದು; ಗುಮ್ಮೆನ್ನುವ ಮಂದ್ರನಾದವೊಂದೇ ಬೇಲಿಯನ್ನು ದಾಟಿ ಬರುತ್ತದೆ. ಹಿರಿಯರು ಇದನ್ನು ಹುಡುಗರ ಹುಚ್ಚೆಂದು ಬಯ್ಯುತ್ತಾರೆ. ಹುಡುಗರು ‘ಎಷ್ಟು ವಾಟು?’ ಎಂದು ಕೇಳಿ ಬೆರಗಾಗುತ್ತಾರೆ. ಬಯ್ಯುವವರಾಗಲಿ ಬೆರಗಾಗುವವರಾಗಲಿ ಕೇಳದಿರುವ ಪ್ರಶ್ನೆಯೊಂದಿದೆ: ಆ ಪೆಟ್ಟಿಗೆ, ಆ ಆಂಪ್ಲಿಫೈಯರ್, ಆ ತಂತಿ, ಇವು ಒಂದಕ್ಕೊಂದು ಹೊಂದುತ್ತವೆಯೇ? ವಾಟಿನ ಲೆಕ್ಕಕ್ಕಿಂತ ಹೊಂದಿಕೆಯ ಲೆಕ್ಕ ಮುಖ್ಯವೆಂಬುದೂ, ಆ ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದುದಲ್ಲವೆಂಬುದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವಾದ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹೊನ್ನವಳ್ಳಿಯ ಕಡೆಯಿಂದ ಮನೆಗೆ ಬಂದನು. ಕೊಬ್ಬರಿ ಮಾರಿದ ಹಣದಲ್ಲಿ ಅವರ ಮನೆಯವರು ಹಳೆಯ ಕಾರೊಂದನ್ನು ಕೊಂಡಿದ್ದರು. ಹುಡುಗನು ಅದರ ಹಿಂಬದಿಯ ಡಿಕ್ಕಿಯಲ್ಲಿ 12 ಅಂಗುಲದ ಎರಡು ಸಬ್‌ವೂಫರುಗಳನ್ನೂ ಒಂದು ಆಂಪ್ಲಿಫೈಯರನ್ನೂ ಕೂಡಿಸಿದ್ದನು. ‘ಸಾರ್, ಬೇಸ್ ಬಂದಾಗಲೆಲ್ಲ ಹೆಡ್‌ಲೈಟು ಮಂಕಾಗುತ್ತದೆ. ಹತ್ತು ನಿಮಿಷಕ್ಕೆ ಆಂಪ್ಲಿಫೈಯರ್ ತಾನೇ ನಿಂತುಬಿಡುತ್ತದೆ. ಇನ್ನೊಂದು ಬ್ಯಾಟರಿ, ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸು ಎನ್ನುತ್ತಾರೆ. ಸಾಲ ಮಾಡಿ ತರಲೇ?’ ಎಂದು ಕೇಳಿದನು. ನಾವು ಕಾರಿನ ನೆಲಹಾಸನ್ನು ಎತ್ತಿ ನೋಡಿದೆವು. ಬ್ಯಾಟರಿಯಿಂದ ಬಂದ ತಂತಿ ಸಣ್ಣದು, ಮುಟ್ಟಿದರೆ ಬೆಚ್ಚಗಿತ್ತು. ಬ್ಯಾಟರಿಯ ಬಳಿ ಫ್ಯೂಸ್ ಇರಲಿಲ್ಲ. ಸಾಲದ ಮಾತು ಹಾಗಿರಲಿ, ಆ ಕಾರಿನಲ್ಲಿ ಮನೆಮಂದಿಯೆಲ್ಲ ಓಡಾಡುತ್ತಿದ್ದರೆಂಬುದೇ ನಮಗೆ ಮೊದಲು ತೋರಿದ ಚಿಂತೆ.

ಮೊದಲು ಆಂಪ್ಲಿಫೈಯರನ್ನು ನೋಡೋಣ. ಅದರ ಮುಚ್ಚಳದ ಮೇಲೆ ದೊಡ್ಡ ಅಕ್ಷರಗಳಲ್ಲಿ 3,000 ವಾಟ್ ಎಂದು ಅಚ್ಚಾಗಿತ್ತು. ಅದರ ಬದಿಯಲ್ಲಿ 30 ಆಂಪಿಯರಿನ ಎರಡು ಫ್ಯೂಸುಗಳಿದ್ದವು. ಇಂಜಿನ್ ಓಡುತ್ತಿರುವಾಗ ಕಾರಿನ ವಿಭವಾಂತರ ಸುಮಾರು 13.8 ವೋಲ್ಟ್. 60 ಆಂಪಿಯರನ್ನು 13.8ರಿಂದ ಗುಣಿಸಿದರೆ 828 ವಾಟ್. ಒಳಗೆ ಹೋಗುವುದೇ ಇಷ್ಟಾದ ಮೇಲೆ 3,000 ವಾಟ್ ಹೊರಬರುವುದೆಲ್ಲಿಂದ? ಶಕ್ತಿಯ ಅವಿನಾಶಿತ್ವವನ್ನು ಓದಿದ ವಿದ್ಯಾರ್ಥಿಗೆ ಮುಚ್ಚಳದ ಮೇಲಿನ ಅಂಕಿಯನ್ನು ಅಳೆಯಲು ಈ ಒಂದು ಗುಣಾಕಾರ ಸಾಕು. ಕೈಪಿಡಿಯ ಸಣ್ಣಕ್ಷರಗಳಲ್ಲಿ ನಿಜವಿತ್ತು: 2 ಓಮಿನ ಹೊರೆಗೆ ನಿರಂತರವಾಗಿ 500 ವಾಟ್, ಹೊರೆಯು 2 ಓಮಿಗಿಂತ ಕಡಿಮೆಯಾಗಕೂಡದು.

ಈಗ ಹೊರೆಯನ್ನು ನೋಡೋಣ. ಒಂದೊಂದು ಸಬ್‌ವೂಫರಿನಲ್ಲಿಯೂ 4 ಓಮಿನ ಎರಡು ಸುರುಳಿಗಳಿದ್ದವು, ಒಟ್ಟು ನಾಲ್ಕು. ಜೋಡಿಸಿದವರು ನಾಲ್ಕನ್ನೂ ಸಮಾಂತರವಾಗಿ ಬಿಗಿದಿದ್ದರು. ನಾಲ್ಕು ಸಮ ರೋಧಗಳು ಸಮಾಂತರವಾದರೆ ಒಟ್ಟು ರೋಧ ಒಂದರ ಕಾಲು ಭಾಗ, ಎಂದರೆ 1 ಓಮ್. ಕೈಪಿಡಿ ಕೂಡದೆಂದದ್ದು ಇದೇ. ಆಂಪ್ಲಿಫೈಯರಿನ ಉತ್ಪನ್ನ ವಿಭವ 31.6 ವೋಲ್ಟ್ ಆದಾಗ 2 ಓಮಿನಲ್ಲಿ 15.8 ಆಂಪಿಯರ್ ಹರಿಯುತ್ತದೆ; 1 ಓಮಿನಲ್ಲಿ 31.6 ಆಂಪಿಯರ್ ಹರಿಯಬೇಕಾಗುತ್ತದೆ. ಆ ಹೆಚ್ಚಿನ ಪ್ರವಾಹವನ್ನು ಹೊತ್ತ ಟ್ರಾನ್ಸಿಸ್ಟರುಗಳು ಕಾದು, ತಮ್ಮನ್ನು ತಾವು ಉಳಿಸಿಕೊಳ್ಳಲು ನಿಲ್ಲುತ್ತಿದ್ದವು. ಹುಡುಗನು ದೋಷವೆಂದು ತಿಳಿದದ್ದು ವಾಸ್ತವವಾಗಿ ಒಂದು ರಕ್ಷಣೆ. ಇನ್ನೂ ದೊಡ್ಡ ಆಂಪ್ಲಿಫೈಯರನ್ನು ತಂದಿದ್ದರೆ ಅದೇ ಸಣ್ಣ ತಂತಿಯ ಮೇಲೆ ಇನ್ನೂ ದೊಡ್ಡ ಹೊರೆ ಬೀಳುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. 4 ಓಮ್ ಎಂದು ಬರೆದ ಸುರುಳಿಯನ್ನು ಮಲ್ಟಿಮೀಟರಿನಿಂದ ಅಳೆದರೆ ಸುಮಾರು ಮೂರೂವರೆ ಓಮ್ ತೋರುತ್ತದೆ. ಮೀಟರು ಅಳೆಯುವುದು ನೇರ ಪ್ರವಾಹದ ರೋಧವನ್ನು. ಸಂಗೀತವಾದರೋ ಪರ್ಯಾಯ ಪ್ರವಾಹ. ಸುರುಳಿಯ ಪ್ರೇರಕತ್ವವೂ ಶಂಕುವಿನ ಚಲನೆಯೂ ಸೇರಿದಾಗ ಈ ಅಡ್ಡಿಯು ಆವೃತ್ತಿಯೊಡನೆ ಏರಿಳಿಯುತ್ತದೆ. ಆದುದರಿಂದ 4 ಓಮ್ ಎಂಬುದು ಲೆಕ್ಕಕ್ಕೆ ಅನುಕೂಲವಾದ ಹೆಸರೇ ಹೊರತು ಮಾರ್ಪಡದ ಅಂಕಿಯಲ್ಲ. ಆದರೂ ಮೀಟರಿನಲ್ಲಿ ಒಂದಕ್ಕಿಂತ ಕಡಿಮೆ ಕಂಡರೆ ಜೋಡಣೆ ಎಡವಿದೆಯೆಂದು ತಿಳಿಯಲು ಇದು ಧಾರಾಳವಾಗಿ ಸಾಕು.

ಇನ್ನು ತಂತಿಯ ವಿಷಯ. 500 ವಾಟ್ ಕೊಡುವ ಆಂಪ್ಲಿಫೈಯರು ನೂರಕ್ಕೆ 80ರ ದಕ್ಷತೆಯುಳ್ಳದ್ದಾದರೆ 625 ವಾಟನ್ನು ಎಳೆದುಕೊಳ್ಳುತ್ತದೆ, 13.8 ವೋಲ್ಟಿನಲ್ಲಿ ಇದು ಸುಮಾರು 45 ಆಂಪಿಯರ್. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ದೂರ. ತಾಮ್ರದ ತಂತಿಯ ಅಡ್ಡಕೊಯ್ತ 4 ಚದರ ಮಿಲಿಮೀಟರ್ ಆದರೆ ಅದರ ರೋಧ ಸುಮಾರು 0.021 ಓಮ್. ಅಂಕಿ ಅಲ್ಪವೆಂದು ತೋರಬಹುದು. ಆದರೆ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. 45ರ ವರ್ಗವನ್ನು 0.021ರಿಂದ ಗುಣಿಸಿದರೆ 43 ವಾಟ್. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಬಳಸುವಷ್ಟು ಶಕ್ತಿಯು ನೆಲಹಾಸಿನ ಅಡಿಯಲ್ಲಿ ಶಾಖವಾಗುತ್ತದೆ. ಅದು 5 ಮೀಟರಿಗೂ ಹಂಚಿಹೋದರೆ ತಂತಿ ಬೆಚ್ಚಗಾದೀತು, ಅಷ್ಟೆ. ಅಷ್ಟೇ ರೋಧ ಒಂದು ಸಡಿಲವಾದ ಜೋಡಣೆಯಲ್ಲಿದ್ದರೆ ಶಾಖವೆಲ್ಲ ಒಂದೇ ಬಿಂದುವಿನಲ್ಲಿ ಸೇರಿ ಹೊದಿಕೆಯನ್ನು ಕರಗಿಸುತ್ತದೆ. ತಂತಿಯಲ್ಲಿಯೇ ಸುಮಾರು 1 ವೋಲ್ಟ್ ಕಳೆದುಹೋಗುವುದರಿಂದ ಆಂಪ್ಲಿಫೈಯರು ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ಅಡ್ಡಕೊಯ್ತವನ್ನು 20 ಚದರ ಮಿಲಿಮೀಟರಿಗೆ ಏರಿಸಿದರೆ ರೋಧವೂ ಶಾಖವೂ ಐದನೆಯ ಒಂದು ಪಾಲಿಗೆ ಇಳಿಯುತ್ತವೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕಿದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಮಾರು ಒಂದೂವರೆ ಪಾಲಿಗೂ ಮಿಕ್ಕಿ ಪ್ರವಾಹವನ್ನು ತಡೆಯುವುದರಿಂದ ಕೊಳ್ಳುವವರು ತುದಿಯನ್ನು ಚಾಕುವಿನಿಂದ ಕೆರೆದು ನೋಡುವುದೊಳ್ಳೆಯದು.

ಫ್ಯೂಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆಯೂ ಇದೆ. ಆಂಪ್ಲಿಫೈಯರಿನಲ್ಲಿಯೇ ಫ್ಯೂಸ್ ಇದೆಯಲ್ಲ, ಇನ್ನೊಂದೇಕೆ ಎಂದು ಕೇಳುತ್ತಾರೆ. ಬ್ಯಾಟರಿಯ ಬಳಿಯ ಫ್ಯೂಸ್ ಇರುವುದು ಆಂಪ್ಲಿಫೈಯರಿಗಾಗಿ ಅಲ್ಲ, ತಂತಿಗಾಗಿ. ತಂತಿಯ ಹೊದಿಕೆ ಕಾರಿನ ಕಬ್ಬಿಣದ ಅಂಚಿಗೆ ಉಜ್ಜಿ ಹರಿದರೆ ಪ್ರವಾಹವು ಆಂಪ್ಲಿಫೈಯರನ್ನು ತಲುಪದೆ ಅಲ್ಲಿಂದಲೇ ಹಿಂದಿರುಗುತ್ತದೆ. ಆಗ ಅದನ್ನು ತಡೆಯುವುದು ಬ್ಯಾಟರಿಯ ಒಳರೋಧವೂ ತಂತಿಯ ರೋಧವೂ ಮಾತ್ರ. ಎರಡೂ ಅತ್ಯಲ್ಪವಾದುದರಿಂದ ನೂರಾರು ಆಂಪಿಯರ್ ಹರಿದು ತಂತಿ ಕೆಂಪಾಗುತ್ತದೆ. ಆದುದರಿಂದ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಅದರ ಅಂಕಿ ತಂತಿಯ ಸಾಮರ್ಥ್ಯವನ್ನು ಮೀರಬಾರದು. ಉಳಿದೆಲ್ಲ ತಪ್ಪುಗಳಿಗೆ ದಂಡ ಹಣ. ಈ ತಪ್ಪಿಗೆ ದಂಡ ಪ್ರಾಣವೂ ಆಗಬಹುದು.

ಇನ್ನು ಎಲ್ಲರೂ ಕಡೆಗಣಿಸುವ ಪೆಟ್ಟಿಗೆ. ಹಲವರು ಇದನ್ನು ವೂಫರನ್ನು ಕೂರಿಸುವ ಮರದ ಮಣೆಯೆಂದೇ ಎಣಿಸುತ್ತಾರೆ. ಇದು ಎಂಥ ತಪ್ಪೆಂಬುದನ್ನು ನಮ್ಮ ತೋಟದಲ್ಲಿಯೇ ಪರೀಕ್ಷಿಸಬಹುದು. ಎಳನೀರಿಗೆ ಸಣ್ಣ ಕಂಡಿ ಮಾಡಿ ಕುಡಿದ ಮೇಲೆ ಬರಿದಾದ ಬುರುಡೆಯ ಬಾಯಿಗೆ ಅಡ್ಡಲಾಗಿ ಊದಿರಿ. ಹೂಂ ಎಂಬ ಸ್ವರ ಹುಟ್ಟುತ್ತದೆ. ಅರ್ಧದಷ್ಟು ನೀರು ತುಂಬಿ ಮತ್ತೆ ಊದಿರಿ, ಸ್ವರ ಏರುತ್ತದೆ. ಒಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಗಾಳಿಯ ಗಾತ್ರ ಕಡಿಮೆಯಾದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ; ಬಿಗಿಯಾದಷ್ಟೂ ಕಂಪನ ಹೆಚ್ಚುತ್ತದೆ. ಗಾತ್ರ ಅರ್ಧವಾದಾಗ ಆವೃತ್ತಿ ಎರಡರ ವರ್ಗಮೂಲದಷ್ಟು, ಎಂದರೆ ಸುಮಾರು 1.4 ಪಟ್ಟು ಆಗುತ್ತದೆ.

ಮುಚ್ಚಿದ ಪೆಟ್ಟಿಗೆಯಲ್ಲಿ ನಡೆಯುವುದೂ ಇದೇ. ವೂಫರಿನ ಶಂಕುವು ಒಳಸರಿದಾಗ ಪೆಟ್ಟಿಗೆಯ ಗಾಳಿ ಒತ್ತಿಕೊಂಡು ಅದನ್ನು ಹಿಂದಕ್ಕೆ ತಳ್ಳುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ಚಲಿಸುವ ಸುರುಳಿಯ ಧ್ವನಿವರ್ಧಕವನ್ನು ವಿವರಿಸಿದರು. ಶಂಕುವಿನ ಬೆನ್ನಿನಿಂದ ಹೊರಡುವ ಅಲೆಯು ಮುಂದಿನ ಅಲೆಯನ್ನು ಅಳಿಸದಂತೆ ಹಲಗೆಯನ್ನೋ ಪೆಟ್ಟಿಗೆಯನ್ನೋ ಅಡ್ಡ ಇಡಬೇಕೆಂಬುದು ಅಂದಿನಿಂದಲೂ ತಿಳಿದ ವಿಷಯ. 1954ರಲ್ಲಿ ವಿಲ್ಚರ್ ಎಂಬವನು ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಾಗಿ ದುಡಿಸಿಕೊಂಡನು. ಆಸ್ಟ್ರೇಲಿಯದ ಥೀಲ್ 1961ರಲ್ಲಿಯೂ, ಸ್ಮಾಲ್ 1970ರ ದಶಕದ ಆರಂಭದಲ್ಲಿಯೂ ಪೆಟ್ಟಿಗೆಯ ಲೆಕ್ಕವನ್ನು ಸರಳ ಸೂತ್ರಗಳಿಗೆ ತಂದರು. ಇಂದು ಒಳ್ಳೆಯ ವೂಫರಿನ ಕೈಪಿಡಿಯಲ್ಲಿ ಇವರಿಬ್ಬರ ಹೆಸರಿನ ಅಂಕಿಗಳು ತಪ್ಪದೆ ಇರುತ್ತವೆ. ಅವುಗಳಲ್ಲಿ ಮೂರು ನಮಗೆ ಸಾಕು: ಪೆಟ್ಟಿಗೆಯಿಲ್ಲದಾಗ ಶಂಕುವಿನ ಸಹಜ ಆವೃತ್ತಿ, ಅದರ ತೂಗಾಟ ಎಷ್ಟು ಬೇಗ ಅಡಗುತ್ತದೆಂಬುದನ್ನು ಸೂಚಿಸುವ ‘ಕ್ಯು’ ಎಂಬ ಗುಣಾಂಕ, ಶಂಕುವಿನ ಅಂಚಿನಷ್ಟೇ ಬಿಗಿಯುಳ್ಳ ಗಾಳಿಯ ಗಾತ್ರ.

ನಮ್ಮ ವಿದ್ಯಾರ್ಥಿಯ ವೂಫರಿಗೆ ಈ ಅಂಕಿಗಳು ಕ್ರಮವಾಗಿ 30 ಹರ್ಟ್ಸ್, 0.45, 60 ಲೀಟರ್. ಅವನ ಪೆಟ್ಟಿಗೆಯ ನಡುವೆ ಒಂದು ಅಡ್ಡಹಲಗೆಯಿತ್ತು. ಅಳೆದು ನೋಡಿದರೆ ಒಂದೊಂದು ಕೋಣೆಗೆ 20 ಲೀಟರ್. 60ನ್ನು 20ರಿಂದ ಭಾಗಿಸಿ, ಒಂದನ್ನು ಕೂಡಿ, ವರ್ಗಮೂಲ ತೆಗೆದರೆ 2 ಬರುತ್ತದೆ. ಸಹಜ ಆವೃತ್ತಿಯೂ ‘ಕ್ಯು’ವೂ ಎರಡೂ ಇಮ್ಮಡಿಯಾಗಿ 60 ಹರ್ಟ್ಸ್ ಮತ್ತು 0.9 ಆಗುತ್ತವೆ. ಇದರ ಅರ್ಥವೇನು? 60 ಹರ್ಟ್ಸಿನ ಕೆಳಗೆ ನಾದ ಬೇಗ ಬೇಗ ಕುಗ್ಗುತ್ತದೆ; ಅದರ ಮೇಲ್ಭಾಗದಲ್ಲಿ ಅದು ಉಬ್ಬಿ, ತಡವಾಗಿ ಅಡಗುತ್ತದೆ. ಪೆಟ್ಟು ನಿಂತರೂ ಗುಂಯ್‌ಗುಡುವಿಕೆ ನಿಲ್ಲದು. ಪೆಟ್ಟಿಗೆ 40 ಲೀಟರಿನದಾದರೆ ಅದೇ ಲೆಕ್ಕದಿಂದ 47 ಹರ್ಟ್ಸ್ ಮತ್ತು 0.71 ದೊರೆಯುತ್ತವೆ. ಉಬ್ಬೂ ಇಲ್ಲದೆ ಬೇಗ ಕುಸಿತವೂ ಇಲ್ಲದೆ ಸಮನಾಗಿ ನುಡಿಯುವ ಪೆಟ್ಟಿಗೆಗೆ ಈ 0.71 ಎಂಬುದೇ ಗುರಿ.

ಲೆಕ್ಕ ಇಲ್ಲಿಗೆ ಬಂದಾಗ ಪರಿಹಾರ ತಾನಾಗಿ ಕಂಡಿತು. ಒಂದು ವೂಫರನ್ನು ತೆಗೆದುಬಿಡುವುದು. ಅಡ್ಡಹಲಗೆಯನ್ನು ಕಳಚಿ, ಬರಿದಾದ ಕಂಡಿಯನ್ನು ಪ್ಲೈವುಡ್ಡಿನಿಂದ ಗಾಳಿಯಾಡದಂತೆ ಮುಚ್ಚುವುದು. ಉಳಿದ ವೂಫರಿಗೆ 40 ಲೀಟರ್ ಸಿಕ್ಕಿತು. ಅದರ ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರು ಕೇಳುವುದೂ ಅದನ್ನೇ. ಅದು ಕೊಡುವ 500 ವಾಟನ್ನು ತಾಳುವ ಶಕ್ತಿ ಆ ವೂಫರಿಗಿತ್ತು. ಹುಡುಗನು, ‘ಒಂದನ್ನು ತೆಗೆದರೆ ಸದ್ದು ಅರ್ಧವಾಗುವುದಿಲ್ಲವೇ ಸಾರ್?’ ಎಂದನು. ಆಗುವುದಿಲ್ಲ. ನಾಲ್ಕು ಸುರುಳಿಗಳನ್ನು ಕ್ಷೇಮವಾಗಿ ಜೋಡಿಸಬೇಕಾದರೆ ಒಂದೊಂದು ವೂಫರಿನ ಎರಡನ್ನು ಸರಣಿಯಲ್ಲಿ, ಆ ಜೋಡಿಗಳೆರಡನ್ನು ಸಮಾಂತರದಲ್ಲಿ ಕಟ್ಟಿ 4 ಓಮ್ ಮಾಡಬೇಕು. ಆಗ ಆಂಪ್ಲಿಫೈಯರು ಕೊಡುವುದು ಸುಮಾರು 250 ವಾಟ್. ಎರಡು ಶಂಕುಗಳು ಒಟ್ಟಿಗೆ ದುಡಿಯುವುದರಿಂದ ಬರುವ 3 ಡೆಸಿಬೆಲ್ ಲಾಭವನ್ನು ಅರ್ಧವಾದ ವಾಟು ಹಾಗೆಯೇ ಕಳೆಯುತ್ತದೆ. ಆ ಜೋಡಣೆ ಬ್ಯಾಟರಿಯಿಂದ ಕಡಿಮೆ ಪ್ರವಾಹವನ್ನು ಎಳೆಯುವುದು ನಿಜ. ಆದರೆ ಎರಡಕ್ಕೂ ಸೇರಿ 80 ಲೀಟರಿನ ಪೆಟ್ಟಿಗೆ ಬೇಕು. ಡಿಕ್ಕಿಯಲ್ಲಿ ಅಷ್ಟು ಜಾಗವಿರಲಿಲ್ಲ.

ವಾಟಿನ ಮೋಹವನ್ನು ಮುರಿಯಲು ಡೆಸಿಬೆಲಿನ ಲೆಕ್ಕದಷ್ಟು ಒಳ್ಳೆಯ ಮದ್ದು ಬೇರೊಂದಿಲ್ಲ. ವಾಟು ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್. ಕಿವಿಗೆ ಅದು ಸಣ್ಣ ಏರಿಕೆ. ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವಾಟು ಬೇಕು. ಸಾಲ ಇಮ್ಮಡಿಯಾಗಬಹುದು, ಸದ್ದು ಆಗದು.

ಇದರ ಜೊತೆಗೆ ಕಾರೇ ನೀಡುವ ಒಂದು ಸಹಾಯವನ್ನು ಮರೆಯಬಾರದು. 40 ಹರ್ಟ್ಸಿನ ನಾದದ ಅಲೆಯುದ್ದ ಸುಮಾರು ಎಂಟೂವರೆ ಮೀಟರ್. ಕಾರಿನ ಒಳಭಾಗ ಎರಡೂವರೆ, ಮೂರು ಮೀಟರ್. ಅರ್ಧ ಅಲೆಯೂ ಹಿಡಿಸದ ಆ ಜಾಗದಲ್ಲಿ ಶಬ್ದವು ಅಲೆಯಾಗಿ ಹರಡದೆ ಇಡೀ ಗಾಳಿಯನ್ನೇ ಒತ್ತಿ ಬಿಡುತ್ತದೆ. ಆದುದರಿಂದ ಸುಮಾರು 60 ಹರ್ಟ್ಸಿನ ಕೆಳಗೆ ಕಾರು ತಾನಾಗಿಯೇ ಮಂದ್ರವನ್ನು ಎತ್ತಿಕೊಡುತ್ತದೆ. ಮುಚ್ಚಿದ ಪೆಟ್ಟಿಗೆ ಕುಗ್ಗಿಸುವುದೂ, ಮುಚ್ಚಿದ ಕಾರು ಏರಿಸುವುದೂ ಬಹುಮಟ್ಟಿಗೆ ಸರಿದೂಗುತ್ತವೆ. ಅದೇ ಪೆಟ್ಟಿಗೆಯನ್ನು ಉತ್ಸವದ ದಿನ ಟ್ರ್ಯಾಕ್ಟರಿನ ಟ್ರೈಲರಿಗೆ ಏರಿಸಿದವರಿಗೆ ಮಂದ್ರ ಸೊರಗಿ ಕೇಳುವುದೇಕೆಂಬುದಕ್ಕೆ ಇದೇ ಉತ್ತರ. ಬಯಲಿನಲ್ಲಿ ಒತ್ತಲು ಮುಚ್ಚಿದ ಗಾಳಿಯಿಲ್ಲ. ಆಗ ಅವರು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಅಲೆಯ ತಲೆ ಕತ್ತರಿಸಿ ಚೌಕವಾಗುತ್ತದೆ. ಅದೇ ಎತ್ತರದ ಚೌಕ ಅಲೆಯು ಸೈನ್ ಅಲೆಯ ಎರಡರಷ್ಟು ಶಕ್ತಿಯನ್ನು ಸುರುಳಿಗೆ ಸುರಿಯುವುದರಿಂದ ಸುರುಳಿ ಸುಡುತ್ತದೆ.

ಇದಕ್ಕೆ ಅನುಭವಸ್ಥರು ಒಂದು ಆಕ್ಷೇಪ ಹೇಳುವುದುಂಟು. ‘ಲೆಕ್ಕ ಪುಸ್ತಕಕ್ಕೆ, ನಾದಕ್ಕೆ ಕಿವಿಯೇ ಪ್ರಮಾಣ. ನಮ್ಮ ಡೊಳ್ಳು ಮಾಡುವವರು ಯಾವ ಸೂತ್ರ ಓದಿದ್ದರು?’ ಈ ಮಾತಿನಲ್ಲಿ ತೂಕವಿದೆ. ಮೃದಂಗದ ನಡುವೆ ಹಚ್ಚುವ ಕರಣೆಯು ಚರ್ಮದ ಕಂಪನಗಳನ್ನು ಸ್ವರಬದ್ಧವಾಗಿಸುತ್ತದೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ತೋರಿಸುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಕುಶಲಿಗಳು ಕಿವಿಯಿಂದಲೇ ಆ ಹೊಂದಿಕೆಯನ್ನು ಸಾಧಿಸಿದ್ದರು. ಆದರೆ ಆ ಕಿವಿಯ ಹಿಂದೆ ತಲೆಮಾರುಗಳ ಅಭ್ಯಾಸವಿತ್ತು. ತಪ್ಪಿದರೆ ಹರಿಯುತ್ತಿದ್ದುದು ಚರ್ಮವೊಂದೇ. ಇಲ್ಲಿ ತಲೆಮಾರಿನ ಅಭ್ಯಾಸವಿಲ್ಲ. ತಪ್ಪಿದರೆ ಹೊತ್ತುವುದು ಕಾರು. ಕಿವಿ ಕೊನೆಯ ತೀರ್ಪು ಕೊಡಲಿ. ಆದರೆ ಸಡಿಲವಾದ ಜೋಡಣೆಯನ್ನೂ ಇಲ್ಲದ ಫ್ಯೂಸನ್ನೂ ಅದು ಕೇಳಲಾರದು.

ಕಿವಿಯನ್ನು ನೆಚ್ಚುವವರು ಕಿವಿಯನ್ನು ಉಳಿಸಿಕೊಳ್ಳಲೂ ಬೇಕು. 85 ಡೆಸಿಬೆಲಿನ ಸದ್ದನ್ನು ದಿನಕ್ಕೆ 8 ಗಂಟೆ ಕೇಳುವುದು ಮಿತಿಯೆಂದು ತಜ್ಞರು ಎಣಿಸುತ್ತಾರೆ. ಮುಂದೆ ಪ್ರತಿ 3 ಡೆಸಿಬೆಲಿಗೂ ಆ ಕಾಲ ಅರ್ಧವಾಗುತ್ತದೆ. 100 ಡೆಸಿಬೆಲಿಗೆ ಉಳಿಯುವುದು ಕಾಲು ಗಂಟೆ. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲನ್ನು ಗೊತ್ತುಮಾಡಿವೆ. ಅಲೆಯುದ್ದ ದೊಡ್ಡದಾದಷ್ಟೂ ಗೋಡೆ ಅದನ್ನು ತಡೆಯುವುದು ಕಡಿಮೆ. ಮಂದ್ರನಾದವೊಂದೇ ನೆರೆಮನೆಯ ತೊಟ್ಟಿಲಿನವರೆಗೆ ಹೋಗುವುದು ಇದರಿಂದಲೇ. ಕಾರಿನೊಳಗಿನವನ ಸಂತೋಷ ಹೊರಗಿನವನ ನಿದ್ದೆಯನ್ನು ಕೆಡಿಸಬಾರದೆಂಬುದೂ ಒಂದು ಹೊಂದಿಕೆಯೇ.

ನಮ್ಮ ತರಗತಿಗಳಲ್ಲಿ ಸರಣಿ ಮತ್ತು ಸಮಾಂತರ ಜೋಡಣೆಗಳನ್ನು ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಐದು ಅಂಕದ ಲೆಕ್ಕ ಕೊಟ್ಟು ಮುಗಿಸುತ್ತೇವೆ. ಆ ಲೆಕ್ಕವನ್ನು ತಪ್ಪದೆ ಮಾಡಿ ಪೂರ್ಣಾಂಕ ಪಡೆದಿದ್ದ ವಿದ್ಯಾರ್ಥಿಯೇ ಈ ಕಾರಿನ ಯಜಮಾನನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪುಸ್ತಕದ ಓಮಿಗೂ ಡಿಕ್ಕಿಯ ಓಮಿಗೂ ಸಂಬಂಧವಿದೆಯೆಂದು ಅವನಿಗೆ ತೋಚಲಿಲ್ಲ. ತಪ್ಪು ಅವನದೊಬ್ಬನದೇ ಅಲ್ಲ; ಕಲಿಸಿದ ನಮ್ಮದೂ ಹೌದು. ಆದುದರಿಂದ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಒಂದು ವೂಫರ್, ಒಂದು ಮಲ್ಟಿಮೀಟರ್, ಕೆಲವು ಲೀಟರಿನ ಒಂದೆರಡು ಪೆಟ್ಟಿಗೆಗಳಿರಬೇಕೆಂದು ನಾವು ಹೇಳುತ್ತೇವೆ. ಒಂದೂವರೆ ವೋಲ್ಟಿನ ಕೋಶವನ್ನು ಸುರುಳಿಗೆ ಕ್ಷಣಕಾಲ ಮುಟ್ಟಿಸಿದರೆ ಶಂಕು ಹೊರಕ್ಕೋ ಒಳಕ್ಕೋ ಸರಿಯುತ್ತದೆ. ಧನ ಋಣಗಳು ತಿಳಿಯಲು ಅಷ್ಟು ಸಾಕು. ಒಂದೇ ವೂಫರಿನ ಎರಡು ಸುರುಳಿಗಳನ್ನು ತಿರುವುಮುರುವಾಗಿ ಜೋಡಿಸಿದರೆ ಎರಡು ಬಲಗಳು ಒಂದನ್ನೊಂದು ಅಳಿಸಿ ಶಂಕು ಅಲುಗದೆ ನಿಲ್ಲುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವನು ಮರೆಯಲಾರ.

ಹುಡುಗನು ಸಾಲ ಮಾಡಲಿಲ್ಲ. ದಪ್ಪ ತಾಮ್ರದ ತಂತಿಗೂ ಒಂದು ಫ್ಯೂಸಿಗೂ ಮಾತ್ರ ಹಣ ತೆತ್ತನು. 50 ಹರ್ಟ್ಸಿನ ಸ್ವರವೊಂದನ್ನು ನುಡಿಸಿ, ವೂಫರನ್ನು ಬಿಡಿಸಿಟ್ಟು, ಉತ್ಪನ್ನ ವಿಭವ 31.6 ವೋಲ್ಟ್ ಮೀರದಂತೆ ಆಂಪ್ಲಿಫೈಯರಿನ ಗುಂಡಿಯನ್ನು ನಾವಿಬ್ಬರೂ ಸೇರಿ ನಿಲ್ಲಿಸಿದೆವು. 500 ಮತ್ತು 2ರ ಗುಣಲಬ್ಧದ ವರ್ಗಮೂಲವೇ ಆ ಅಂಕಿ. ಈಗ ಹೆಡ್‌ಲೈಟು ಮಂಕಾಗುವುದಿಲ್ಲ. ಹಾಡು ನಡುವೆ ನಿಲ್ಲುವುದಿಲ್ಲ. ಮದ್ದಲೆಯ ಪೆಟ್ಟು ಪೆಟ್ಟಾಗಿಯೇ ಕೇಳುತ್ತದೆ. ಕಳಚಿದ ಎರಡನೆಯ ವೂಫರನ್ನು ಅವನು ನಮ್ಮ ಪ್ರಯೋಗಶಾಲೆಗೆ ಕೊಟ್ಟನು. ಅದು ಇಂದು ಮೇಜಿನ ಮೇಲಿದೆ. ಈ ವರ್ಷದ ವಿದ್ಯಾರ್ಥಿಗಳು ಅದರ ಮುಂದೆ ಮೊದಲು ಕೇಳಿದ್ದು, ‘ಇದು ಎಷ್ಟು ವಾಟು ಸಾರ್?’ ಎಂದೇ. ನಾವು ಉತ್ತರ ಹೇಳದೆ ಅವರ ಕೈಗೆ ಮೀಟರನ್ನು ಕೊಟ್ಟೆವು.